ಕೈ ಬರಿದಾದರೂ ಮನ ಬರಿದಾಗಲಿಲ್ಲ: ಲೂರ್ದಿನ ಸಂತ ಬರ್ನಾಡೆಟ್

ಲೂರ್ದ್ ಮಾತೆಯ ಹೆಸರು ಕೇಳದ ಕ್ರೈಸ್ತ ಕುಟುಂಬ ನಮ್ಮ ಕರಾವಳಿಯಲ್ಲಿ ಇರಲಿಕ್ಕಿಲ್ಲ. ಹಲವು ಧರ್ಮಕೇಂದ್ರಗಳ ಆವರಣದಲ್ಲಿ ಕಲ್ಲು, ಸಿಮೆಂಟಿನಿಂದ ಕಟ್ಟಿದ ಗ್ರೊಟ್ಟೊ ಇದೆ. ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆ, ಕೆಳಗೆ ಮೊಣಕಾಲೂರಿ ಕೈಮುಗಿದ ಒಬ್ಬ ಹುಡುಗಿ. ಫೆಬ್ರವರಿ 11 ಬಂದಾಗ ನಾವು ಅಲ್ಲಿ ಮೇಣದ ಬತ್ತಿ ಹಚ್ಚುತ್ತೇವೆ, ಜಪಸರ ಹೇಳುತ್ತೇವೆ, ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಆದರೆ 1858ರ ಆ ದಿನ ಈ ಹುಡುಗಿಯ ಮನೆಯಲ್ಲಿ ಒಲೆ ಉರಿಸಲು ಸೌದೆ ಇರಲಿಲ್ಲ ಎಂಬುದು ನಮ್ಮ ನೆನಪಿಗೆ ಬರುವುದು ಕಡಿಮೆ. ಸಂತ ಬರ್ನಾಡೆಟ್ ಅವರ ದರ್ಶನಗಳ ಕಥೆ ನಮಗೆಲ್ಲ ಗೊತ್ತು. ಅವರ ಬಡತನದ ಕಥೆ ಅಷ್ಟಾಗಿ ಗೊತ್ತಿಲ್ಲ. ಹಣವಿಲ್ಲದ ಮನೆಯಲ್ಲಿ ಮನಸ್ಸು ಹೇಗಿರಬಹುದು, ಆ ಮನೆಯನ್ನು ನೋಡುವ ಊರಿನವರ ಮನಸ್ಸು ಹೇಗಿರುತ್ತದೆ ಎಂಬುದನ್ನು ತಿಳಿಯಲು ಅವರ ಜೀವನ ನಮಗೆ ಒಳ್ಳೆಯ ಪಾಠ.

ಗಿರಣಿಯ ಮನೆಯಿಂದ ಹಳೆಯ ಜೈಲಿಗೆ

ಬರ್ನಾಡೆಟ್ ಹುಟ್ಟಿದ್ದು 1844ರ ಜನವರಿ 7ರಂದು, ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಪಿರನೀಸ್ ಪರ್ವತಗಳ ಬುಡದಲ್ಲಿರುವ ಲೂರ್ದ್ ಪಟ್ಟಣದಲ್ಲಿ. ತಂದೆ ಫ್ರಾನ್ಸ್ವಾ ಸುಬಿರು, ತಾಯಿ ಲೂಯಿಸ್. ತಂದೆ ಬೋಲಿ ಎಂಬ ನೀರಿನ ಗಿರಣಿಯನ್ನು ನಡೆಸುತ್ತಿದ್ದರು. ಆದ್ದರಿಂದ ಬರ್ನಾಡೆಟ್ ಹುಟ್ಟುವಾಗ ಆ ಮನೆ ಬಡವರ ಮನೆ ಆಗಿರಲಿಲ್ಲ. ಹಿಟ್ಟಿಗೆ ಕೊರತೆ ಇರಲಿಲ್ಲ, ಮನೆಗೆ ಬಂದವರಿಗೆ ಊಟಕ್ಕೂ ಕೊರತೆ ಇರಲಿಲ್ಲ.

ಬಡತನ ಒಂದೇ ದಿನದಲ್ಲಿ ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮೃದು ಮನಸ್ಸಿನವರು. ಹಣ ಕೊಡಲಾಗದ ಗಿರಾಕಿಗಳಿಗೆ ಸಾಲವಾಗಿ ಹಿಟ್ಟು ಕೊಡುತ್ತಿದ್ದರು. ಕಾಳು ಬೀಸಿ ಮುಗಿಯುವವರೆಗೆ ಕಾದು ಕುಳಿತವರಿಗೆ ಲೂಯಿಸ್ ತಿನ್ನಲು ಕುಡಿಯಲು ಕೊಡುತ್ತಿದ್ದರು. ವಸೂಲಿ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಇದರ ಜೊತೆಗೆ ಕಷ್ಟಗಳು ಒಂದರ ಹಿಂದೆ ಒಂದು ಬಂದವು. ಬೀಸುವ ಕಲ್ಲಿಗೆ ಉಳಿಯಿಂದ ಹಲ್ಲು ಹಾಕುವಾಗ ಚೂರು ಸಿಡಿದು ಫ್ರಾನ್ಸ್ವಾ ಒಂದು ಕಣ್ಣು ಕಳೆದುಕೊಂಡರು. ಬಾಡಿಗೆ ಕಟ್ಟಲಾಗದೆ 1854ರಲ್ಲಿ ಬೋಲಿ ಗಿರಣಿ ಬಿಡಬೇಕಾಯಿತು. 1855ರಲ್ಲಿ ಲೂರ್ದಿಗೆ ಕಾಲರಾ ಬಂತು. ಬರ್ನಾಡೆಟ್ ಸಾವಿನಿಂದ ಪಾರಾದರೂ ದೇಹ ಮತ್ತೆ ಚೇತರಿಸಲಿಲ್ಲ. ಉಬ್ಬಸ ಅವರನ್ನು ಜೀವನದ ಕೊನೆಯವರೆಗೆ ಕಾಡಿತು. ಅಜ್ಜಿ ತೀರಿಕೊಂಡಾಗ ಕೈಗೆ ಬಂದ ಸ್ವಲ್ಪ ಹಣವನ್ನು ಹಾಕಿ ಬೇರೆ ಊರಿನಲ್ಲಿ ಒಂದು ಗಿರಣಿ ಹಿಡಿದರು. ಅದೂ ಕೈಗೆ ಹತ್ತಲಿಲ್ಲ. ಸ್ವಂತ ಕಸುಬಿದ್ದ ಗಿರಣಿಯವರು ಈಗ ದಿನಗೂಲಿ ಹುಡುಕುವ ಆಳಾದರು.

1857ರ ಆರಂಭದಲ್ಲಿ ಇದ್ದ ಬಾಡಿಗೆ ಕೋಣೆಯಿಂದಲೂ ಹೊರಗೆ ಬರಬೇಕಾಯಿತು. ಕೊನೆಗೆ ಒಬ್ಬ ಸಂಬಂಧಿಕರು ತಮ್ಮ ಮನೆಯ ನೆಲ ಅಂತಸ್ತಿನ ಒಂದು ಕೋಣೆ ಕೊಟ್ಟರು. ಅದು ಹಿಂದೆ ಊರಿನ ಜೈಲಾಗಿತ್ತು. ಕೈದಿಗಳ ಆರೋಗ್ಯಕ್ಕೂ ಒಳ್ಳೆಯದಲ್ಲ ಎಂದು 1824ರಲ್ಲಿ ಅದನ್ನು ಮುಚ್ಚಲಾಗಿತ್ತು. ಜನ ಅದನ್ನು ಕಾಶೊ, ಅಂದರೆ ಕತ್ತಲ ಕೋಣೆ, ಎಂದೇ ಕರೆಯುತ್ತಿದ್ದರು. ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, ನಾಲ್ಕು ಮೀಟರಿಗಿಂತ ಕಡಿಮೆ ಅಗಲ. ಕಿಟಕಿಯ ಆಚೆ ಗೊಬ್ಬರದ ರಾಶಿ. ಅಪ್ಪ, ಅಮ್ಮ, ಬರ್ನಾಡೆಟ್, ತಂಗಿ ತ್ವಾನೆತ್, ತಮ್ಮಂದಿರಾದ ಜಾನ್ ಮರಿ ಮತ್ತು ಜುಸ್ತಿನ್, ಹೀಗೆ ಆರು ಮಂದಿ ಆ ಒಂದು ಕೋಣೆಯಲ್ಲಿ ಬದುಕಿದರು.

ಬಡವನೇ ಕಳ್ಳ ಎಂದ ಊರು

ಆ ಕೋಣೆಗೆ ಬಂದ ಕೆಲವೇ ವಾರಗಳಲ್ಲಿ, 1857ರ ಮಾರ್ಚ್ 27ರಂದು, ಪೊಲೀಸರು ಫ್ರಾನ್ಸ್ವಾರನ್ನು ಹಿಡಿದುಕೊಂಡು ಹೋದರು. ಊರಿನ ಬೇಕರಿಯವನ ಮನೆಯಿಂದ ಎರಡು ಚೀಲ ಹಿಟ್ಟು ಕಳುವಾಗಿತ್ತು. ಫ್ರಾನ್ಸ್ವಾ ಹಿಂದೆ ಆತನ ಬಳಿ ಕೆಲಸ ಮಾಡಿದವರು. ಅವರು ಕದ್ದದ್ದನ್ನು ಕಂಡವರು ಯಾರೂ ಇರಲಿಲ್ಲ. ಬೇಕರಿಯವನಿಗೆ ಇದ್ದ ಒಂದೇ ಕಾರಣವೆಂದರೆ ಫ್ರಾನ್ಸ್ವಾರ ಕಡುಬಡತನ. ಇಷ್ಟು ಬಡವನಾದವನು ಕದ್ದೇ ಕದಿಯುತ್ತಾನೆ ಎಂಬ ಊಹೆಯೇ ಸಾಕ್ಷಿಯಾಯಿತು. ಹಿಟ್ಟಿನ ವಿಷಯದಲ್ಲಿ ಏನೂ ಸಿಗದಾಗ, ಬೀದಿಬದಿಯಲ್ಲಿ ಬಿದ್ದಿದ್ದ ಒಂದು ಹಲಗೆಯನ್ನು ಮನೆಗೆ ತಂದಿದ್ದಾರೆ ಎಂಬ ಆರೋಪ ಬಂತು. ಸುಮಾರು ಒಂದು ವಾರ ಜೈಲಿನಲ್ಲಿಟ್ಟು ಕೊನೆಗೆ ಬಿಟ್ಟುಬಿಟ್ಟರು. ಆದರೆ ಜೈಲಿಗೆ ಹೋಗಿ ಬಂದವನು ಎಂಬ ಹೆಸರು ಅವರ ಬೆನ್ನು ಬಿಡಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಬಡತನದ ಭಾರವನ್ನು ಮನಸ್ಸು ಹೆಚ್ಚಿಸಬಹುದು ಅಥವಾ ಕಡಿಮೆ ಮಾಡಬಹುದು ಎಂದು ಹೇಳುವಾಗ ನಾವು ಸಾಮಾನ್ಯವಾಗಿ ಬಡವರ ಮನಸ್ಸಿನ ಬಗ್ಗೆ ಮಾತ್ರ ಮಾತನಾಡುತ್ತೇವೆ. ಇದ್ದುದರಲ್ಲಿ ತೃಪ್ತಿಪಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಅವರಿಗೇ ಬುದ್ಧಿ ಹೇಳುತ್ತೇವೆ. ಆದರೆ ಸುಬಿರು ಕುಟುಂಬಕ್ಕೆ ಆ ವರ್ಷ ಬಡತನವನ್ನು ಅತ್ಯಂತ ಕಹಿ ಮಾಡಿದ್ದು ಅವರ ಮನಸ್ಸಲ್ಲ, ಊರಿನವರ ಮನಸ್ಸು. ಒಂದು ಹೊತ್ತಿನ ಹಸಿವನ್ನು ಮಕ್ಕಳು ಹೇಗೋ ತಡೆದುಕೊಂಡಾರು. ಅಪ್ಪನನ್ನು ಕಳ್ಳನೆಂದು ಪೊಲೀಸರು ಬೀದಿಯಲ್ಲಿ ಕರೆದುಕೊಂಡು ಹೋದದ್ದನ್ನು ಮರೆಯುವುದು ಹೇಗೆ?

ಹಸಿವು ಮತ್ತು ಮರ್ಯಾದೆ

ಆ ಮನೆಯ ಹಸಿವು ನಿಜವಾದ ಹಸಿವಾಗಿತ್ತು. ಅದನ್ನು ಭಕ್ತಿಯ ಮಾತುಗಳಿಂದ ಸಿಹಿ ಮಾಡುವುದು ಸರಿಯಲ್ಲ. ಆ ದಿನಗಳಲ್ಲಿ ಲೂರ್ದಿನ ಎಸ್ತ್ರಾದ್ ಎಂಬ ಮನೆತನದ ಒಬ್ಬ ಮಹಿಳೆ ದೇವಾಲಯದಲ್ಲಿ ಪ್ರಾರ್ಥಿಸುತ್ತಿರುವಾಗ, ಒಬ್ಬ ಚಿಕ್ಕ ಹುಡುಗ ನೆಲದ ಮೇಲೆ ಬಿದ್ದ ಮೇಣದ ಹನಿಗಳನ್ನು ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡರು. ಆತ ಹಸಿವಿನಿಂದ ಮೇಣ ತಿನ್ನುತ್ತಿದ್ದ. ಕರುಣೆಗೊಂಡ ಆ ಮಹಿಳೆ ಮುಂದೆ ಅವನಿಗೆ ಊಟ ಕೊಡುತ್ತಿದ್ದರು. ಆದರೆ ಹುಡುಗ ಮನೆಯ ಒಳಗೆ ಬರಲು ಒಪ್ಪುತ್ತಿರಲಿಲ್ಲ, ಮೆಟ್ಟಿಲ ಮೇಲೆಯೇ ಕುಳಿತು ತಿನ್ನುತ್ತಿದ್ದ. ಅವನು ಬರ್ನಾಡೆಟ್ ಅವರ ತಮ್ಮ ಎಂಬುದು ಅವರಿಗೆ ತಿಳಿದದ್ದು ಬಹಳ ತಡವಾಗಿ.

ಮನೆಯೊಳಗಿನ ಸ್ಥಿತಿ ಇನ್ನೊಂದು. ಬರ್ನಾಡೆಟ್ ಅವರ ಹೊಟ್ಟೆ ಜೋಳದ ಗಂಜಿಯನ್ನು ತಾಳಿಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ತಾಯಿ ಹೇಗೋ ಉಳಿಸಿ ಅವರಿಗೆ ಮಾತ್ರ ಸ್ವಲ್ಪ ಗೋಧಿ ರೊಟ್ಟಿ ತರುತ್ತಿದ್ದರು. ತಂಗಿ ತಮ್ಮಂದಿರು ಅದನ್ನು ಕಂಡು ಸುಮ್ಮನಿರುವರೇ? ಎಷ್ಟೋ ಸಲ ಆ ರೊಟ್ಟಿ ಅವರ ಪಾಲಾಗುತ್ತಿತ್ತು. ತಾಯಿ ಇತರರ ಮನೆಯಲ್ಲಿ ಬಟ್ಟೆ ಒಗೆಯಲು, ಹೊಲದ ಕೆಲಸಕ್ಕೆ ಹೋಗುವಾಗ ಹಿರಿಮಗಳಾದ ಬರ್ನಾಡೆಟ್ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಇದರಿಂದ ಶಾಲೆ ತಪ್ಪಿತು, ಧರ್ಮೋಪದೇಶ ತಪ್ಪಿತು. ಹದಿಮೂರು ತುಂಬಿದರೂ ಓದಲು ಬರೆಯಲು ಬರುತ್ತಿರಲಿಲ್ಲ, ಪ್ರಥಮ ಪರಮಪ್ರಸಾದವೂ ಆಗಿರಲಿಲ್ಲ. 1857ರ ಸೆಪ್ಟೆಂಬರಿನಲ್ಲಿ ಅವರನ್ನು ಹತ್ತಿರದ ಬಾರ್ತ್ರೆಸ್ ಹಳ್ಳಿಗೆ, ಹಿಂದೆ ಅವರಿಗೆ ಹಾಲೂಡಿಸಿ ಸಾಕಿದ್ದ ಮಹಿಳೆಯ ಮನೆಗೆ ಕಳುಹಿಸಲಾಯಿತು. ಮನೆಯಲ್ಲಿ ಉಣ್ಣುವ ಒಂದು ಬಾಯಿ ಕಡಿಮೆಯಾಯಿತು. ಅಲ್ಲಿ ಕುರಿ ಕಾಯುವುದು ಅವರ ಕೆಲಸ. ಆದರೆ ಪರಮಪ್ರಸಾದಕ್ಕೆ ಸಿದ್ಧವಾಗಬೇಕೆಂಬ ಆಸೆಯಿಂದ 1858ರ ಜನವರಿಯಲ್ಲಿ ಅವರು ತಾವಾಗಿಯೇ ಆ ಕತ್ತಲ ಕೋಣೆಗೆ ಮರಳಿದರು. ಧರ್ಮಭಗಿನಿಯರು ಬಡಮಕ್ಕಳಿಗೆ ಉಚಿತವಾಗಿ ನಡೆಸುತ್ತಿದ್ದ ತರಗತಿಗೆ ಸೇರಿದರು.

ಇಷ್ಟು ಕಷ್ಟದಲ್ಲಿಯೂ ಆ ಕುಟುಂಬ ಒಡೆಯಲಿಲ್ಲ. ಸಂಜೆ ಎಲ್ಲರೂ ಸೇರಿ ಪ್ರಾರ್ಥಿಸುತ್ತಿದ್ದರು. ಭಿಕ್ಷೆ ಬೇಡಲು ಹೋಗಲಿಲ್ಲ. ತಾವು ಯಾರು ಎಂಬುದನ್ನು ಮರೆಯಲಿಲ್ಲ. ಕಾಶೊದಲ್ಲಿ ಬರ್ನಾಡೆಟ್ ಕಲಿತದ್ದು ಇದನ್ನೇ ಎಂದು ನಮಗೆ ಅನಿಸುತ್ತದೆ. ಹಣ ಇಲ್ಲದಿರುವುದು ಒಂದು ಕಷ್ಟ. ಹಣ ಇಲ್ಲದ್ದರಿಂದ ತಾನು ಕಡಿಮೆಯವಳು ಎಂದು ನಂಬುವುದು ಇನ್ನೊಂದು ಕಷ್ಟ. ಮೊದಲನೆಯದು ಅವರ ಕೈಯಲ್ಲಿ ಇರಲಿಲ್ಲ. ಎರಡನೆಯದನ್ನು ಅವರು ತಮ್ಮ ಮನಸ್ಸಿನ ಒಳಗೆ ಬಿಟ್ಟುಕೊಳ್ಳಲಿಲ್ಲ.

ಸೌದೆ ತರಲು ಹೋದ ದಿನ

1858ರ ಫೆಬ್ರವರಿ 11 ಗುರುವಾರ, ಚಳಿಯ ದಿನ. ತಂದೆಗೆ ಅಂದು ಕೆಲಸ ಸಿಕ್ಕಿರಲಿಲ್ಲ. ಸೌದೆ ಮುಗಿದಿತ್ತು. ಬರ್ನಾಡೆಟ್, ತಂಗಿ ತ್ವಾನೆತ್ ಮತ್ತು ಗೆಳತಿ ಜಾನ್ ಅಬಾದಿ ಸೌದೆ ಮತ್ತು ಎಲುಬು ಹೆಕ್ಕಲು ಹೊರಟರು. ಎಲುಬನ್ನು ಗುಜರಿಯವರಿಗೆ ಮಾರಿದರೆ ಕೆಲವು ಬಿಡಿಕಾಸು ಸಿಗುತ್ತಿತ್ತು. ಗಾವ್ ನದಿಯ ಬದಿಯಲ್ಲಿ ಮಸಬಿಯೆಲ್ ಎಂಬ ಬಂಡೆಯ ಗವಿ. ಊರಿನ ಹಂದಿಗಳನ್ನು ಮೇಯಿಸಲು ತರುತ್ತಿದ್ದ ಜಾಗ ಅದು. ಇಬ್ಬರು ಹುಡುಗಿಯರು ತಣ್ಣನೆಯ ನೀರು ದಾಟಿ ಆಚೆ ಹೋದರು. ಉಬ್ಬಸದ ಭಯದಿಂದ ಬರ್ನಾಡೆಟ್ ಹಿಂದೆ ಉಳಿದು ಕಾಲುಚೀಲ ಬಿಚ್ಚುತ್ತಿರುವಾಗಲೇ ಮೊದಲ ದರ್ಶನವಾಯಿತು. ಜುಲೈ 16ರವರೆಗೆ ಒಟ್ಟು 18 ದರ್ಶನಗಳು.

ನಮ್ಮ ಧರ್ಮಸಭೆ ಇದನ್ನು ಆತುರದಿಂದ ಒಪ್ಪಿಕೊಳ್ಳಲಿಲ್ಲ. ಬಿಷಪ್ ಲೊರಾನ್ಸ್ ವಿಚಾರಣಾ ಸಮಿತಿ ನೇಮಿಸಿ, ಎಲ್ಲವನ್ನೂ ಪರಿಶೀಲಿಸಿ, 1862ರ ಜನವರಿ 18ರಂದು ದರ್ಶನಗಳು ನಂಬಿಕೆಗೆ ಅರ್ಹ ಎಂದು ಘೋಷಿಸಿದರು. ಅದಕ್ಕೆ ಮೊದಲು ಪೊಲೀಸ್ ಅಧಿಕಾರಿ ಜಾಕೊಮೆ ಬರ್ನಾಡೆಟ್ ಅವರನ್ನು ವಿಚಾರಿಸಿದ್ದರು, ಸರಕಾರಿ ವಕೀಲರು ವಿಚಾರಿಸಿದ್ದರು, ನ್ಯಾಯಾಧೀಶರೂ ವಿಚಾರಿಸಿದ್ದರು. ಎಲ್ಲರ ಮನಸ್ಸಿನಲ್ಲಿ ಇದ್ದ ಅನುಮಾನ ಒಂದೇ. ತಿನ್ನಲು ಗತಿಯಿಲ್ಲದ ಮನೆ, ಜೈಲಿಗೆ ಹೋಗಿ ಬಂದ ಅಪ್ಪ, ಹಾಗಾದರೆ ಇದು ಹಣಕ್ಕಾಗಿ ಹೂಡಿದ ನಾಟಕ. ಬೇಕರಿಯವನ ಲೆಕ್ಕವೇ ಇಲ್ಲಿಯೂ ನಡೆಯಿತು.

ಮುಟ್ಟದ ಹಣ

ಈ ಅನುಮಾನಕ್ಕೆ ಬರ್ನಾಡೆಟ್ ವಾದದಿಂದ ಉತ್ತರ ಕೊಡಲಿಲ್ಲ. ಅವರು ಹಣವನ್ನು ಮುಟ್ಟಲಿಲ್ಲ, ಅಷ್ಟೇ. ಸಾವಿರಾರು ಜನ ಲೂರ್ದಿಗೆ ಬರತೊಡಗಿದರು. ಆ ಕತ್ತಲ ಕೋಣೆಯನ್ನು ಕಂಡ ಶ್ರೀಮಂತರು ಚಿನ್ನದ ನಾಣ್ಯಗಳನ್ನು ಕೈಯಲ್ಲಿ ಇಡಲು ಬಂದರು. ಕೆಲವರು ಗೊತ್ತಾಗದಂತೆ ಜೇಬಿಗೆ ಹಾಕಲು ನೋಡಿದರು. ಬರ್ನಾಡೆಟ್ ಎಲ್ಲವನ್ನೂ ಹಿಂದಕ್ಕೆ ಕೊಟ್ಟರು. ತೆಗೆದುಕೊಳ್ಳದಿದ್ದಾಗ ಬಿಟ್ಟುಹೋದ ನಾಣ್ಯ ನೆಲದ ಮೇಲೆ ಬಿತ್ತು. ತಂದೆ ತಾಯಿಯೂ ಮಗಳ ದಾರಿಯಲ್ಲೇ ನಡೆದರು. ಒಮ್ಮೆ ಒಬ್ಬ ತಮ್ಮ, ಯಾತ್ರಿಕರಿಗೆ ಬುಗ್ಗೆಯ ನೀರು ತಂದುಕೊಟ್ಟು ಅವರು ಕೊಟ್ಟ ನಾಣ್ಯದೊಂದಿಗೆ ಮನೆಗೆ ಬಂದ. ಅಕ್ಕ ಅವನ ಕೆನ್ನೆಗೆ ಒಂದು ಕೊಟ್ಟು, ಆ ನಾಣ್ಯವನ್ನು ಹಿಂದಿರುಗಿಸಿ ಬರಲು ಕಳುಹಿಸಿದರು.

ಇದನ್ನು ಓದುವಾಗ ನಮ್ಮಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮೇಣ ತಿಂದ ಮಕ್ಕಳಿರುವ ಮನೆಯಲ್ಲಿ ಬಂದ ಹಣವನ್ನು ಹಿಂದೆ ಕಳುಹಿಸುವುದು ನ್ಯಾಯವೇ? ತನಗಾಗಿ ಉಪವಾಸ ಮಾಡುವುದು ಬೇರೆ, ತಮ್ಮನನ್ನು ಉಪವಾಸ ಇಡುವುದು ಬೇರೆ ಅಲ್ಲವೇ?

ಬರ್ನಾಡೆಟ್ ಏನನ್ನು ಬೇಡವೆಂದರು, ಏನನ್ನು ಒಪ್ಪಿದರು ಎಂದು ಸರಿಯಾಗಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅವರು ಎಲ್ಲ ನೆರವನ್ನೂ ತಳ್ಳಿಹಾಕಲಿಲ್ಲ. ಧರ್ಮಭಗಿನಿಯರ ಉಚಿತ ಶಾಲೆಗೆ ಹೋದರು. ಕಷ್ಟದ ದಿನಗಳಲ್ಲಿ ಜ್ಞಾನಸ್ನಾನದ ತಾಯಿಯಾಗಿದ್ದ ದೊಡ್ಡಮ್ಮನ ಮನೆಯಲ್ಲಿ ಇದ್ದರು. 1860ರಿಂದ ಧರ್ಮಭಗಿನಿಯರ ಆಶ್ರಯದಲ್ಲಿ ಉಳಿದು ಓದು ಬರಹ ಕಲಿತರು. ತಂದೆಗೆ ಮತ್ತೆ ಗಿರಣಿಯ ಕೆಲಸ ದೊರೆತು ಕುಟುಂಬ ಕಾಶೊ ಬಿಟ್ಟು ಬೇರೆ ಮನೆಗೆ ಹೋದಾಗ ಅದನ್ನು ಬೇಡವೆನ್ನಲಿಲ್ಲ. ದುಡಿದು ತಿನ್ನುವ ಹಣಕ್ಕೂ ಪ್ರೀತಿಯಿಂದ ಕೊಟ್ಟ ಆಶ್ರಯಕ್ಕೂ ಅವರ ವಿರೋಧವಿರಲಿಲ್ಲ. ಅವರು ಬೇಡವೆಂದದ್ದು ಗವಿಯಲ್ಲಿ ಕಂಡದ್ದಕ್ಕೆ ಬೆಲೆಯಾಗಿ ಬರುವ ಹಣವನ್ನು. ಒಂದು ನಾಣ್ಯ ಮುಟ್ಟಿದ್ದರೂ ಅವರ ಸಾಕ್ಷ್ಯ ಮಾರಾಟದ ಸಾಮಾನಾಗುತ್ತಿತ್ತು. ಅಪ್ಪನನ್ನು ಕಳ್ಳ ಎಂದ ಊರಿಗೆ ಇವರೆಲ್ಲ ಇಂಥವರೇ ಎಂದು ಹೇಳಲು ಮತ್ತೊಂದು ಕಾರಣ ಸಿಗುತ್ತಿತ್ತು. ತನ್ನ ಮಾತಿಗೆ ಬೆಲೆ ಕಟ್ಟಲು ಬಿಡದೆ ಅವರು ಕುಟುಂಬದ ಮರ್ಯಾದೆಯನ್ನೂ ಉಳಿಸಿದರು.

ಕೈಯಲ್ಲಿ ಏನೂ ಇಲ್ಲದವರಿಗೂ ಬೇಡ ಎನ್ನುವ ಸ್ವಾತಂತ್ರ್ಯ ಇರುತ್ತದೆ ಎಂಬುದನ್ನು ಹದಿನಾಲ್ಕು ವರ್ಷದ ಈ ಹುಡುಗಿ ತೋರಿಸಿಕೊಟ್ಟರು. ಹಾಗೆಯೇ ಈ ಮನಸ್ಸು ಅವರ ಉಬ್ಬಸವನ್ನು ವಾಸಿ ಮಾಡಲಿಲ್ಲ ಎಂಬುದನ್ನೂ ನಾವು ಮರೆಯಬಾರದು. ತಮ್ಮ ಜುಸ್ತಿನ್ ಹತ್ತು ವರ್ಷದ ಆಸುಪಾಸಿನಲ್ಲಿ ತೀರಿಕೊಂಡ. ತಾಯಿ ಲೂಯಿಸ್ 1866ರ ಡಿಸೆಂಬರ್ 8ರಂದು, ಇನ್ನೂ ಮುದುಕಿಯಾಗುವ ಮೊದಲೇ ಕಣ್ಣು ಮುಚ್ಚಿದರು. ಒಳ್ಳೆಯ ಮನಸ್ಸು ರೊಟ್ಟಿಯ ಬದಲಿಗೆ ಬರುವ ವಸ್ತುವಲ್ಲ. ರೊಟ್ಟಿಯೂ ಬೇಕು, ವೈದ್ಯರೂ ಬೇಕು.

ವರದಕ್ಷಿಣೆ ಇಲ್ಲದೆ ಮಠಕ್ಕೆ

ಆ ಕಾಲದಲ್ಲಿ ಕನ್ಯಾಮಠ ಸೇರುವ ಹೆಣ್ಣುಮಕ್ಕಳು ವರದಕ್ಷಿಣೆಯಂತೆ ಒಂದು ಮೊತ್ತವನ್ನು ತರುವ ಪದ್ಧತಿ ಇತ್ತು. 1863ರಲ್ಲಿ ನೆವೇರಿನ ಬಿಷಪ್ ಫೊರ್ಕಾದ್ ಲೂರ್ದಿಗೆ ಬಂದಾಗ ಬರ್ನಾಡೆಟ್ ಅವರೊಡನೆ ಭವಿಷ್ಯದ ಬಗ್ಗೆ ಮಾತನಾಡಿದರು. ತನ್ನ ಬಳಿ ಹಣವಿಲ್ಲ, ತನಗೆ ಏನೂ ತಿಳಿಯದು ಎಂದು ಬರ್ನಾಡೆಟ್ ನೇರವಾಗಿ ತಿಳಿಸಿದರು. ದೇವಕರೆಯುಳ್ಳ ಬಡ ಹುಡುಗಿಯರನ್ನು ವರದಕ್ಷಿಣೆ ಇಲ್ಲದೆಯೂ ಸೇರಿಸಿಕೊಳ್ಳಲಾಗುತ್ತದೆ ಎಂದು ಬಿಷಪರು ಧೈರ್ಯ ಹೇಳಿದರು. 1866ರ ಜುಲೈಯಲ್ಲಿ ಅವರು ಲೂರ್ದ್ ಬಿಟ್ಟು ನೆವೇರಿನ ಮಠಕ್ಕೆ ಹೋದರು. ಅಲ್ಲಿ ಅವರ ಹೆಸರು ಸಿಸ್ಟರ್ ಮರಿ ಬರ್ನಾರ್ಡ್. ಮತ್ತೆ ಅವರು ಲೂರ್ದನ್ನು ನೋಡಲಿಲ್ಲ.

1867ರ ಅಕ್ಟೋಬರ್ 30ರಂದು ವ್ರತ ಸ್ವೀಕರಿಸಿದ ಸಹೋದರಿಯರಿಗೆ ಒಬ್ಬೊಬ್ಬರಿಗೂ ಸೇವೆಯ ಮನೆಗಳನ್ನು ಹಂಚಲಾಯಿತು. ಬರ್ನಾಡೆಟ್ ಅವರಿಗೆ ಯಾವುದೂ ಸಿಗಲಿಲ್ಲ. ಯಾವ ಕೆಲಸಕ್ಕೂ ಬಾರದವರು ಎಂದು ಎಲ್ಲರ ಮುಂದೆ ಹೇಳಿ, ಅವರನ್ನು ಮಠದಲ್ಲಿಯೇ ಇರಿಸಿಕೊಳ್ಳಲಾಯಿತು. ಅವರಿಗೆ ಅಹಂಕಾರ ಬರಬಾರದೆಂದು ಹಿರಿಯರು ಹೂಡಿದ ಉಪಾಯ ಅದಾಗಿತ್ತು. ಅವರು ಅದನ್ನು ಜಗಳ ಮಾಡದೆ ಸ್ವೀಕರಿಸಿದರು. ಮಠದ ಆಸ್ಪತ್ರೆ ವಿಭಾಗದಲ್ಲಿ ರೋಗಿಗಳ ಸೇವೆ ಮಾಡಿದರು, ದೇವಾಲಯದ ಸಾಮಗ್ರಿಗಳನ್ನು ನೋಡಿಕೊಂಡರು, ಸುಂದರವಾದ ಕಸೂತಿ ಹಾಕಿದರು. ಕೊನೆಯ ವರ್ಷಗಳಲ್ಲಿ ಮೊಣಕಾಲಿನ ಎಲುಬಿಗೆ ಕ್ಷಯ ತಗಲಿ ತೀವ್ರ ನೋವು ಅನುಭವಿಸಿದರು.

ಇತ್ತ ಲೂರ್ದ್ ಬೆಳೆಯುತ್ತಿತ್ತು. ಯಾತ್ರಿಕರಿಗೆ ಭಕ್ತಿಯ ವಸ್ತುಗಳನ್ನು ಮಾರುವ ಅಂಗಡಿಗಳು ಎದ್ದವು, ಅವರ ಸ್ವಂತ ಕುಟುಂಬದವರೂ ಆ ವ್ಯಾಪಾರಕ್ಕೆ ಇಳಿದರು. ಮಠದಿಂದಲೇ ಬರ್ನಾಡೆಟ್ ಅವರಿಗೆ ಎರಡು ವಿಷಯ ತಿಳಿಸುತ್ತಿದ್ದರು. ಭಾನುವಾರ ಅಂಗಡಿ ತೆರೆಯಬಾರದು, ಶ್ರೀಮಂತರಾಗುವ ಆಸೆಗೆ ಬೀಳಬಾರದು. ಅವರು ವ್ಯಾಪಾರ ಬಿಡಿ ಎನ್ನಲಿಲ್ಲ. ಹಸಿವನ್ನು ಕಂಡವರಿಗೆ ಹಣದ ಅಗತ್ಯ ಗೊತ್ತು. ಆದರೆ ಬಡತನದಲ್ಲಿ ಉಳಿಸಿಕೊಂಡದ್ದನ್ನು ಹಣ ಬಂದ ಮೇಲೆ ಕಳೆದುಕೊಳ್ಳುವ ಅಪಾಯವೂ ಅವರಿಗೆ ಗೊತ್ತಿತ್ತು.

1879ರ ಏಪ್ರಿಲ್ 16ರಂದು, 35ನೇ ವಯಸ್ಸಿನಲ್ಲಿ, ಬರ್ನಾಡೆಟ್ ನೆವೇರಿನಲ್ಲಿ ಕೊನೆಯುಸಿರೆಳೆದರು. 1925ರಲ್ಲಿ ಧನ್ಯರೆಂದೂ 1933ರ ಡಿಸೆಂಬರ್ 8ರಂದು ಸಂತರೆಂದೂ ಪೋಪ್ 11ನೇ ಪಿಯುಸ್ ಘೋಷಿಸಿದರು. ದರ್ಶನ ಕಂಡರು ಎಂಬುದಕ್ಕಿಂತ, ಅವರು ಬದುಕಿದ ರೀತಿಗಾಗಿ ಈ ಪದವಿ ಬಂತು.

ನಮ್ಮ ಧರ್ಮಕೇಂದ್ರಗಳಿಗೆ ಒಂದು ಮಾತು

ನಮ್ಮ ವಾಳೆಗಳಲ್ಲಿಯೂ ಕಾಶೊಗಳಿವೆ. ಒಂದು ಕಾಲದಲ್ಲಿ ಚೆನ್ನಾಗಿದ್ದು, ಸಾಲದಿಂದಲೋ ಕಾಯಿಲೆಯಿಂದಲೋ ಕೆಳಗೆ ಬಂದ ಮನೆಗಳಿವೆ. ಅವರು ಬೇಡುವುದಿಲ್ಲ, ಮೆಟ್ಟಿಲ ಮೇಲೆ ಕುಳಿತ ಆ ಹುಡುಗನಂತೆ ಒಳಗೆ ಬರಲೂ ಹಿಂಜರಿಯುತ್ತಾರೆ. ಅವರ ಮನೆಗೆ ಹೋಗುವ ಗುರಿಕಾರರು, ಸಂತ ವಿನ್ಸೆಂಟ್ ಪೌಲ್ ಸಭೆಯ ಸದಸ್ಯರು, ಧರ್ಮೋಪದೇಶ ನೀಡುವ ಶಿಕ್ಷಕರು ಬರ್ನಾಡೆಟ್ ಅವರನ್ನು ನೆನೆಯಬೇಕು. ನಾವು ಕೊಡುವ ಅಕ್ಕಿ, ಶಾಲಾ ಶುಲ್ಕ, ಔಷಧದ ಖರ್ಚು ಅಗತ್ಯವೇ ಸರಿ. ಆದರೆ ಕೊಡುವಾಗ ಎಲ್ಲರ ಮುಂದೆ ಹೆಸರು ಕರೆದು ಫೋಟೋ ತೆಗೆದರೆ, ಕಳವಾದಾಗ ಮೊದಲು ಅವರ ಮನೆಯ ಕಡೆ ನೋಡಿದರೆ, ನಮ್ಮ ನೆರವು ಅವರಿಗೆ ಬೆಲೆ ಕಟ್ಟುವ ನಾಣ್ಯವಾಗುತ್ತದೆ.

ಆದುದರಿಂದ ತೃಪ್ತಿಯಿಂದಿರಿ ಎಂದು ಬಡವರಿಗೆ ಹೇಳುವ ಮೊದಲು, ಅವರನ್ನು ನೋಡುವ ನಮ್ಮ ಕಣ್ಣನ್ನು ನಾವು ತಿದ್ದಿಕೊಳ್ಳೋಣ. ಇಂದು ಕಷ್ಟದಲ್ಲಿರುವ ಬಾಂಧವರಿಗೆ ಬರ್ನಾಡೆಟ್ ಅವರ ಜೀವನ ಹೇಳುವುದು ಇಷ್ಟೇ. ಕೈ ಬರಿದಾಗಿರುವುದು ನಿಮ್ಮ ತಪ್ಪಲ್ಲ, ನಿಮ್ಮ ಅಳತೆಯೂ ಅಲ್ಲ. ಪ್ರೀತಿಯಿಂದ ಬಂದ ನೆರವನ್ನು ನಾಚದೆ ತೆಗೆದುಕೊಳ್ಳಿ, ನಿಮ್ಮನ್ನು ಕೊಳ್ಳಲು ಬಂದದ್ದನ್ನು ಹೆದರದೆ ಹಿಂದಿರುಗಿಸಿ. ಸಂತ ಬರ್ನಾಡೆಟ್ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.